ಫೋನಲ್ಲಿ ಡಾಕ್ಟರಿಗೆ ತೋರಿಸೋ ಮುಂಚೆ

ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಹಳ್ಳಿಯಿಂದ ಆಸ್ಪತ್ರೆಗೆ ಹೋಗಿಬರಲು ಇಡೀ ದಿನ ಬೇಕು. ಹಾಗಾಗಿ ಈಗ ವಿಡಿಯೋ ಕಾಲ್‌ನಲ್ಲೇ ತೋರಿಸುತ್ತೇವೆ. ಮೊದಲ ಸಲ ಡಾಕ್ಟರು, “ಯಾವ ಮಾತ್ರೆ ತಗೋತಿದ್ದೀರಮ್ಮಾ?” ಅಂತ ಕೇಳಿದರು. “ಬಿಳೀದು” ಅಂದಳು ಅಮ್ಮ. ಮನೆಯಲ್ಲಿದ್ದ ಮೂರೂ ಬಿಳಿಯವೇ! ನಾನು ಡಬ್ಬಿ ಹುಡುಕುವಷ್ಟರಲ್ಲಿ ಕಾಲ್ ಕಟ್ಟಾಯಿತು.

ಈಗ ಹಿಂದಿನ ದಿನವೇ ಎಲ್ಲ ಮಾತ್ರೆ ಶೀಟುಗಳನ್ನು ಹೆಸರು, ಎಂ.ಜಿ. ಕಾಣುವ ಹಾಗೆ ಜೋಡಿಸಿ ಫೋಟೋ ತೆಗೆದಿಡುತ್ತೇನೆ. ಬಿಟ್ಟುಹೋದ ಮಾತ್ರೆಯನ್ನೂ ಮುಚ್ಚಿಡಬೇಡಿ. ತಗೊಂಡಿದ್ದಾರೆ ಅಂದುಕೊಂಡು ಡಾಕ್ಟರು ಡೋಸ್ ಜಾಸ್ತಿ ಮಾಡಿಬಿಡಬಹುದು.

ಜಾಸ್ತಿ ಎಡವಟ್ಟಾಗುವುದು ಬಿಪಿ ನೋಡುವುದರಲ್ಲಿ. ಒಂದು ದಿನ ಅಮ್ಮನಿಗೆ ಮೇಲಿನ ನಂಬರ್ 168 ಬಂತು. ನನಗೆ ಗಾಬರಿ. ನೋಡಿದರೆ ಬಿಪಿ ಮೆಷಿನ್ನಿನ ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಿದ್ದೆ, ಅಮ್ಮ ಕಾಲ ಮೇಲೆ ಕಾಲು ಹಾಕಿಕೊಂಡು ಮಾತಾಡುತ್ತಲೇ ಇದ್ದಳು. ಸ್ವಲ್ಪ ಹೊತ್ತು ಸುಮ್ನೆ ಕೂರಿಸಿ ಸರಿಯಾಗಿ ನೋಡಿದಾಗ 138. ಕಾಫಿ, ಟೀ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಮೂತ್ರಕ್ಕೆ ಹೋಗಿಬಂದಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಪಟ್ಟಿ ಬರಿ ತೋಳಿಗೆ. 5 ನಿಮಿಷ ಮಾತಿಲ್ಲ. (ಅಮ್ಮನಿಗೆ ಕಷ್ಟ ಇದೊಂದೇ.) ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಕಾಲ್‌ಗೆ ಮುಂಚಿನ 7 ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಹೀಗೆ ಬರೆದರೆ ಸಾಕು. ಚೆನ್ನಾಗಿ ಬಂದ ನಂಬರ್ ಮಾತ್ರ ಬರೆಯುವ ಆಸೆ ಎಲ್ಲರಿಗೂ ಇರುತ್ತೆ, ಅಲ್ವಾ? ಬೇಡ.

ಶುಗರ್ ನೋಡುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಹೆಚ್ಚಿದ ಕೈಯಾದರೆ ನಂಬರ್ ಸುಳ್ಳೇ ಏರುತ್ತದೆ. ಖಾಲಿ ಹೊಟ್ಟೆಯದ್ದಾ, ಊಟವಾಗಿ 2 ಗಂಟೆಯದ್ದಾ ಅಂತ ಪಕ್ಕದಲ್ಲೇ ಬರೆಯಿರಿ.

ಕಾಲ್ ದಿನ ಬೆಳಕು ಮುಖದ ಮೇಲೆ ಬೀಳುವ ಕಡೆ ಕೂರಿಸಿ. ವಿಡಿಯೋ ನಿಂತು ನಿಂತು ಬಂದರೆ ಕ್ಯಾಮೆರಾ ಆಫ್ ಮಾಡಿ, ಮಾತು ನಡೆಯುತ್ತದೆ. ಪಾದದ ಅಡಿ, ಬೆರಳ ಸಂದಿಯ ಫೋಟೋ ಮೊದಲೇ ತೆಗೆದಿಡಿ. ಶುಗರ್ ಇದ್ದವರಿಗೆ ಅಲ್ಲಿ ಗಾಯವಾದರೂ ನೋವು ಗೊತ್ತಾಗದೆ ಇರಬಹುದು.

ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ವಿಡಿಯೋ ಕಾಲ್‌ಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ವರ್ಷಕ್ಕೊಮ್ಮೆಯ ಕಣ್ಣಿನ ಪರದೆ, ಕಿಡ್ನಿ ಪರೀಕ್ಷೆಗೂ ನೇರವಾಗಿಯೇ ಹೋಗಬೇಕು.

ಫೋನ್ ಇಡುವ ಮುಂಚೆ, ಡಾಕ್ಟರು ಹೇಳಿದ್ದನ್ನು ಅವರ ಎದುರಿಗೇ ಅಮ್ಮನ ಬಾಯಲ್ಲಿ ಒಮ್ಮೆ ಹೇಳಿಸುತ್ತೇನೆ. ಹೋದ ಸಲ “ರಾತ್ರಿ ಅರ್ಧ ಮಾತ್ರೆ” ಅಂದಳು. ಡಾಕ್ಟರು ಹೇಳಿದ್ದು ಬೆಳಿಗ್ಗೆ ಅರ್ಧ, ರಾತ್ರಿ ಒಂದು.