ವಾಟರ್ ಪಂಪ್ ಬದಲಿಸುವಾಗ ಟೈಮಿಂಗ್ ಬೆಲ್ಟಿನ ಜೋಪಾನ

ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಮತ್ತು ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡ ಒಂದಕ್ಕೊಂದು ಹೊಂದಿಕೊಂಡು ತಿರುಗುವಂತೆ ಮಾಡುವ ಹಲ್ಲಿನ ಬೆಲ್ಟೇ ಟೈಮಿಂಗ್ ಬೆಲ್ಟ್. ಅನೇಕ ಕಾರುಗಳಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟನ್ನು ಹರಿಸುವ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ ಆದ್ದರಿಂದ, ಪಂಪ್ ಕಳಚಬೇಕಾದರೆ ಮೊದಲು ಬೆಲ್ಟನ್ನು ತೆಗೆಯಲೇಬೇಕು. ಪಂಪ್ ಬಿಚ್ಚುವುದು ಕೆಲವು ಬೋಲ್ಟುಗಳ ಕೆಲಸವಷ್ಟೇ. ಎಂಜಿನ್ ಉಳಿಯುವುದೋ ಕೆಡುವುದೋ ಎಂಬುದು ಬೆಲ್ಟು ಮತ್ತು ಅದರ ಸಂಗಾತಿ ಭಾಗಗಳನ್ನು ನಾವು ಹೇಗೆ ಮುಟ್ಟುತ್ತೇವೆ ಎಂಬುದರ ಮೇಲಿದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ, ಕೂಲೆಂಟನ್ನು ಪಾತ್ರೆಗೆ ಇಳಿಸಿಕೊಳ್ಳಿ. ಅದು ವಿಷ, ಸಾಕುಪ್ರಾಣಿಗಳಿಗೆ ಸಿಗದಂತೆ ಮುಚ್ಚಿಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಸಡಿಲಿಸುವಾಗ ಪುಲ್ಲಿಯನ್ನು ತಕ್ಕ ಸಾಧನದಿಂದಲೇ ಹಿಡಿಯಬೇಕು; ಕ್ಯಾಮ್ ಅಲುಗದಂತೆ ಹಿಡಿಯುವ ಲಾಕ್ ಪಿನ್ನಿನ ಮೇಲೆ ಆ ಬಲ ಬೀಳಬಾರದು. ಅನಂತರ ಕ್ರ್ಯಾಂಕ್ ಮತ್ತು ಕ್ಯಾಮಿನ ಗುರುತುಗಳನ್ನು ತಯಾರಕರ ಕೈಪಿಡಿ ಹೇಳುವ ಸ್ಥಾನಕ್ಕೆ ತಂದು, ಚಿತ್ರ ತೆಗೆದಿಟ್ಟುಕೊಳ್ಳಿ. ಬೆಲ್ಟ್ ಇಲ್ಲದಿರುವಾಗ ಈ ಎರಡನ್ನೂ ಅಲುಗಿಸಬೇಡಿ. ಇಂಟರ್‌ಫಿಯರೆನ್ಸ್ ಎಂಜಿನ್ನಿನಲ್ಲಿ, ಅಂದರೆ ಪಿಸ್ಟನ್ನೂ ತೆರೆದ ವಾಲ್ವೂ ಒಂದೇ ಜಾಗಕ್ಕೆ ಬರಬಲ್ಲ ಎಂಜಿನ್ನಿನಲ್ಲಿ, ಪಿಸ್ಟನ್ ಮೇಲೇರಿ ತೆರೆದಿರುವ ವಾಲ್ವಿಗೆ ಬಡಿದರೆ ವಾಲ್ವ್ ಬಾಗಿಹೋಗುತ್ತದೆ.

ಹಳೆಯ ಬೆಲ್ಟನ್ನು ಮತ್ತೆ ಹಾಕುವ ಆಸೆಯನ್ನು ಬಿಡುವುದೇ ಲೇಸೆಂದು ನಾನು ಒತ್ತಿ ಹೇಳುತ್ತೇನೆ. ಸೋರಿದ ಪಂಪಿನ ಕೂಲೆಂಟ್ ತಾಗಿದ ರಬ್ಬರನ್ನು ನಂಬಲಾಗದು; ಒರೆಸಿದರೂ, ದ್ರಾವಕದಿಂದ ತೊಳೆದರೂ ಅದು ಸರಿಹೋಗುವುದಿಲ್ಲ. ಹೊಸ ಬೆಲ್ಟಿಗೂ ಅಷ್ಟೇ ಎಚ್ಚರಿಕೆ ಬೇಕು. ಸಾಮಾನ್ಯವಾಗಿ ಅದರ ಒಡಲಲ್ಲಿ ಗಾಜಿನ ನಾರಿನ ಎಳೆಗಳಿರುತ್ತವೆ. ಬೆಲ್ಟನ್ನು ಮಡಚಿದರೆ, ತಿರುಚಿದರೆ ಅಥವಾ ಒಳಹೊರಗು ಮಾಡಿದರೆ ಆ ಎಳೆಗಳು ತುಂಡಾಗಬಹುದು, ಆದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಹಾನಿ ತಿಳಿಯುವುದು ಬೆಲ್ಟ್ ಹರಿದಾಗಲೇ. ಆದ್ದರಿಂದ ಕೂರಿಸುವ ಗಳಿಗೆಯವರೆಗೆ ಅದು ಪೆಟ್ಟಿಗೆಯಲ್ಲೇ ಇರಲಿ. ಗ್ರೀಸ್ ಹತ್ತಿದ ಕೈಯಿಂದ ಮುಟ್ಟಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಗೇರಿಗೆ ಏರಿಸಬೇಡಿ.

ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ಅದರ ದಾರಿ ತಿರುಗಿಸುವ ಐಡ್ಲರ್ ಪುಲ್ಲಿಗಳನ್ನು ಬೆರಳಿನಿಂದ ತಿರುಗಿಸಿ ನೋಡಿ. ಕರಕರ ಸದ್ದು, ಒರಟುತನ ಅಥವಾ ಓಲಾಟವಿದ್ದರೆ ಬದಲಿಸಬೇಕು. ಹೇಗೂ ಎಲ್ಲ ಬಿಚ್ಚಿರುವಾಗ ಹೊಸವನ್ನೇ ಹಾಕುವುದು ಜಾಣತನ. ಹೈಡ್ರಾಲಿಕ್ ಟೆನ್ಷನರ್ ಆದರೆ ಅದನ್ನು ನೆಟ್ಟಗೆ ನಿಲ್ಲಿಸಿ, ವೈಸಿನಲ್ಲಿ ನಿಧಾನವಾಗಿ ಒತ್ತಿ, ಅದು ಮತ್ತೆ ಚಾಚದಂತೆ ಪಿನ್ ತೂರಿಸಿ. ಆತುರದ ಒತ್ತಡಕ್ಕೆ ಒಳಗಿನ ಸೀಲು ಕೆಡುತ್ತದೆ.

ಪಂಪ್ ಕೂರುವ ಮೇಲ್ಮೈಯನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಬ್ಲಾಕಿನಲ್ಲಿ ಉಳಿದ ಕೂಲೆಂಟನ್ನು ಒರೆಸಿ ಒಣಗಿಸಿ, ಹೊಸ ಪಂಪನ್ನು ಕೂರಿಸಿದ ಮೇಲೆಯೇ ಹೊಸ ಬೆಲ್ಟ್ ಹೊರಬರಲಿ. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿದ್ದು, ಸಡಿಲವೆಲ್ಲ ಟೆನ್ಷನರ್ ಬದಿಗೆ ಬರುವಂತೆ, ಸಾಮಾನ್ಯವಾಗಿ ಕ್ರ್ಯಾಂಕಿನಿಂದ ಆರಂಭಿಸಿ ಬೆಲ್ಟನ್ನು ಸುತ್ತಿ. ಬಿಗಿತವನ್ನು ಕೈಯಂದಾಜಿಗೆ ಬಿಡದೆ ಟೆನ್ಷನರಿನ ಸೂಚಕದ ಗುರುತಿಗೆ ಹೊಂದಿಸಿ, ಬೋಲ್ಟುಗಳನ್ನು ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಈಗ ಲಾಕ್ ಪಿನ್ನುಗಳನ್ನೆಲ್ಲ ತೆಗೆದು, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ 2 ಪೂರ್ಣ ಸುತ್ತು ತಿರುಗಿಸಿ. ಕ್ರ್ಯಾಂಕ್ 2 ಸುತ್ತು ಹೋದಾಗ ಕ್ಯಾಮ್ 1 ಸುತ್ತು ಹೋಗಿ ಗುರುತುಗಳು ಮತ್ತೆ ಕೂಡಬೇಕು. ನಡುವೆ ಏನಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ, ಜೋಡಣೆಯನ್ನು ಮೊದಲಿನಿಂದ ಪರೀಕ್ಷಿಸಿ. ಒಂದು ಹಲ್ಲು ತಪ್ಪಿದ್ದರೂ ಬೆಲ್ಟ್ ಬಿಚ್ಚಲೇಬೇಕು. ಬೆಲ್ಟಿನ ಕವಚ ಮುಚ್ಚುವ ಮೊದಲು ಹೊಸ ಕೂಲೆಂಟ್ ತುಂಬಿಸಿ, ಪಂಪಿನ ಅಂಚಿನಲ್ಲಿ ಒಂದು ಹನಿಯೂ ಜಿನುಗುತ್ತಿಲ್ಲವೆಂದು ದೀಪ ಹಿಡಿದು ನೋಡಿಕೊಳ್ಳಿ.