ಕಂಪ್ಯೂಟರ್ ಆನ್ ಇರುವಾಗ ಹಾಕಿದ ಹಾರ್ಡ್ ಡಿಸ್ಕ್ ಕಾಣಿಸದಿದ್ದರೆ

ಆನ್ ಇರುವ ಡೆಸ್ಕ್‌ಟಾಪ್‌ಗೆ ಸಾಟಾ (ಈಗಿನ ಹಾರ್ಡ್ ಡಿಸ್ಕ್‌ಗಳ ಸಾಮಾನ್ಯ ಕನೆಕ್ಟರ್) ಹಾರ್ಡ್ ಡಿಸ್ಕ್ ಸಿಕ್ಕಿಸಿದರೂ ವಿಂಡೋಸ್‌ನಲ್ಲಿ ಏನೂ ಬರಲಿಲ್ಲವೆಂದರೆ, ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಆಗ ಕಾಣಿಸಿಕೊಂಡರೆ ಡಿಸ್ಕ್, ಕೇಬಲ್ ಎರಡೂ ಹೆಚ್ಚುಕಡಿಮೆ ಸರಿಯಿವೆ, ತೊಂದರೆ ಪೋರ್ಟಿನ ಸೆಟ್ಟಿಂಗ್‌ನಲ್ಲಿದೆ. ಆಗಲೂ ಕಾಣದಿದ್ದರೆ ಪವರ್ ಮತ್ತು ಕೇಬಲ್ ಕಡೆ ಹೋಗಿ. ಅಗಲ ಪಟ್ಟಿ ಕೇಬಲ್‌ನ ಹಳೆಯ ಐಡಿಇ ಡಿಸ್ಕ್, ಮದರ್‌ಬೋರ್ಡ್ ಮೇಲಿನ ಎಂ.2 ಎಸ್‌ಎಸ್‌ಡಿ ಇವನ್ನಂತೂ ಕಂಪ್ಯೂಟರ್ ಆನ್ ಇರುವಾಗ ಮುಟ್ಟಲೇಬೇಡಿ.

ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ಎಎಚ್‌ಸಿಐ ಆಗಿರಬೇಕು. ಐಡಿಇ ಮೋಡ್‌ನಲ್ಲಿದ್ದರೆ ಹಾಟ್ ಪ್ಲಗ್, ಅಂದರೆ ಕಂಪ್ಯೂಟರ್ ಆನ್ ಇರುವಾಗಲೇ ಡಿಸ್ಕ್ ಹಾಕಿ ತೆಗೆಯುವುದು, ಕೆಲಸ ಮಾಡುವುದಿಲ್ಲ. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ಬರಬಹುದು. ಅದಕ್ಕೆ ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ (msconfig) ತೆರೆದು ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಆದಮೇಲೆ ಆ ಟಿಕ್ ತೆಗೆಯಿರಿ. ಇನ್ನೊಂದು, ಹಲವು ಬೋರ್ಡ್‌ಗಳಲ್ಲಿ ಪ್ರತಿ ಪೋರ್ಟಿಗೂ ಬೇರೆಬೇರೆ ಹಾಟ್ ಪ್ಲಗ್ ಆಯ್ಕೆ ಇದ್ದು, ಅದು ಆಫ್ ಆಗಿಯೇ ಬರುತ್ತದೆ. ಡಿಸ್ಕ್ ಹಾಕಿ ತೆಗೆಯುವ ಪೋರ್ಟಿಗೆ ಮಾತ್ರ ಆನ್ ಮಾಡಿ. ಲಿನಕ್ಸ್‌ನಲ್ಲಾದರೆ ಲಿಂಕ್ ಪವರ್ ಮ್ಯಾನೇಜ್‌ಮೆಂಟನ್ನೂ ನೋಡಿ: ವಿದ್ಯುತ್ ಉಳಿಸುವ ಮೋಡ್‌ನಲ್ಲಿರುವ ಪೋರ್ಟ್ ಹೊಸ ಡಿಸ್ಕ್ ಬಂದದ್ದನ್ನು ಗಮನಿಸದೇ ಇರಬಹುದು, ಮ್ಯಾಕ್ಸ್ ಪರ್ಫಾರ್ಮೆನ್ಸ್‌ಗೆ ಹಾಕಿದರೆ ಗಮನಿಸುತ್ತದೆ.

ಪವರ್ ಕೊಟ್ಟಾಗ ಡಿಸ್ಕ್ ಮೇಲೆ ಬೆರಳಿಡಿ. ತಿರುಗುವ ಕಂಪನ ತಿಳಿಯಬೇಕು. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ, ಸಣ್ಣ ಅಡಾಪ್ಟರಿನ ಡಾಕ್‌ಗೆ (ಡಿಸ್ಕ್ ಸಿಕ್ಕಿಸುವ ಹೊರಗಿನ ಸ್ಟ್ಯಾಂಡ್) ಅದು ಭಾರವಾಗಬಹುದು. ಕಂಪನವೇ ಇಲ್ಲದಿದ್ದರೆ, ಅದೂ ಎಕ್ಸ್‌ಟರ್ನಲ್ ಬಾಕ್ಸ್ ಬಿಚ್ಚಿ ತೆಗೆದ ದೊಡ್ಡ ಡಿಸ್ಕ್ ಆಗಿದ್ದರೆ, ಮೂರನೇ ಪವರ್ ಪಿನ್ ಕಾರಣವಿರಬಹುದು. ಸಾಟಾ 3.3 ನಿಯಮದಲ್ಲಿ ಆ ಪಿನ್‌ಗೆ ಡಿಸ್ಕನ್ನು ಆಫ್ ಮಾಡುವ ಕೆಲಸ ಕೊಟ್ಟಿದ್ದಾರೆ. ಹಳೆಯ ಪವರ್ ಸಪ್ಲೈ ಅಲ್ಲಿ ಸದಾ 3.3 ವೋಲ್ಟ್ ಕೊಡುತ್ತಿರುವುದರಿಂದ ಡಿಸ್ಕ್ ಏಳುವುದೇ ಇಲ್ಲ. ಡೇಟಾ ಕನೆಕ್ಟರ್ ಕಡೆಯಿಂದ ಎಣಿಸಿ, ಮೊದಲ ಮೂರು ಪವರ್ ಪಿನ್‌ಗಳ ಮೇಲೆ ಕ್ಯಾಪ್ಟಾನ್ (Kapton) ಎಂಬ ವಿದ್ಯುತ್ ಹರಿಯದ ತೆಳು ಟೇಪ್ ಅಂಟಿಸಿದರೆ ಸಾಕು.

ಡಿಸ್ಕ್ ತಿರುಗುತ್ತಿದ್ದರೂ ಡ್ರೈವ್ ಅಕ್ಷರ ಬಾರದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆಕ್ಷನ್ ಮೆನುವಿನಲ್ಲಿ ರೀಸ್ಕ್ಯಾನ್ ಡಿಸ್ಕ್ಸ್ ಒತ್ತಿ. ಆಫ್‌ಲೈನ್ ಎಂದಿದ್ದರೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿ. ಪಾರ್ಟಿಷನ್ ಇದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಒಂದನ್ನು ಕೊಡಿ.

ಇಲ್ಲಿ ನಿಜವಾಗಿ ಎಚ್ಚರ ಬೇಕು. ಡೇಟಾ ಇರುವ ಡಿಸ್ಕ್‌ಗೆ ವಿಂಡೋಸ್ ‘ಇನಿಶಿಯಲೈಸ್ ಮಾಡಲೇ’ (ಹೊಸ ಡಿಸ್ಕಿನಂತೆ ಸಿದ್ಧಮಾಡಲೇ) ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಕೆಲವು ಯುಎಸ್‌ಬಿ ಬಾಕ್ಸ್‌ಗಳು 512 ಬೈಟ್ ಸೆಕ್ಟರನ್ನು (ಡಿಸ್ಕ್ ಡೇಟಾ ಇಡುವ ಚಿಕ್ಕ ತುಂಡು) 4096 ಬೈಟ್ ಎಂದು ಕಂಪ್ಯೂಟರಿಗೆ ತೋರಿಸುತ್ತವೆ. ಅಂಥ ಬಾಕ್ಸ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ನೇರವಾಗಿ ಸಾಟಾಗೆ ಹಾಕಿದರೆ ಪಾರ್ಟಿಷನ್ ಪಟ್ಟಿಯ ಲೆಕ್ಕ ತಪ್ಪಿ ಖಾಲಿ ಇದ್ದಂತೆ ಕಾಣುತ್ತದೆ. ಮತ್ತೆ ಅದೇ ಬಾಕ್ಸ್‌ಗೆ ಹಾಕಿದರೆ ಫೈಲುಗಳೆಲ್ಲ ಸಿಗುತ್ತವೆ. ಅವನ್ನು ಬೇರೆಡೆ ಕಾಪಿ ಮಾಡಿಕೊಂಡು, ಆಮೇಲೆ ಡಿಸ್ಕನ್ನು ಸಾಟಾಗೆ ಹಾಕಿ ಫಾರ್ಮ್ಯಾಟ್ ಮಾಡಿ.

ಬಂದು ಬಂದು ಮಾಯವಾಗುವ ಡಿಸ್ಕ್‌ಗೆ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 199ನೇ ಸಾಲು, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟದ್ದನ್ನು ಲೆಕ್ಕವಿಡುವ ಸಿಆರ್‌ಸಿ ಎರರ್ ಎಣಿಕೆ ನೋಡಿ. ಅದು ಏರುತ್ತಲೇ ಇದ್ದರೆ ಮೊದಲು ಡೇಟಾ ಕೇಬಲ್ ಬದಲಿಸಿ. ಹಳೆಯ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದೆ ನಿಂತರೆ ಸರಿಹೋಯಿತು.

ತೆಗೆಯುವಾಗ ಟಾಸ್ಕ್‌ಬಾರ್‌ನಲ್ಲಿ ಸೇಫ್ಲಿ ರಿಮೂವ್ ಕೊಡಿ, ಅದು ಇಲ್ಲದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆಫ್‌ಲೈನ್ ಮಾಡಿ. ಆಫ್‌ಲೈನ್ ಮಾಡಿದ ಮಾತ್ರಕ್ಕೆ ಡಿಸ್ಕ್ ನಿಲ್ಲಲಿಕ್ಕಿಲ್ಲ. ಪವರ್ ಕೇಬಲ್ ಎಳೆದ ಮೇಲೂ ಒಳಗಿನ ತಟ್ಟೆ ಪೂರ್ತಿ ನಿಲ್ಲುವವರೆಗೆ ಡಿಸ್ಕನ್ನು ಎತ್ತಬೇಡಿ, ಓರೆ ಮಾಡಬೇಡಿ.