ಟಿಟಿ ಇಲ್ಲದೆ 11 ಜನರ ಕರಾವಳಿ ಪ್ರವಾಸ: ನಾನು ಮಾಡಿದ್ದು ಹೀಗೆ

ದೊಡ್ಡ ಕುಟುಂಬ ಕರಾವಳಿಗೆ ಹೋಗಬೇಕಾದರೆ ಬೆಂಗಳೂರಿಂದಲೇ ಟಿಟಿ, ಅಂದರೆ ಟೆಂಪೊ ಟ್ರಾವೆಲರ್ ಬಾಡಿಗೆಗೆ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೇಕಾಗಿಲ್ಲ. ಹೋಗಿ ಬಂದೇ ಹೇಳುತ್ತಿದ್ದೇನೆ. ನಾವು 11 ಜನ. ಅಪ್ಪ, ಅಮ್ಮ, ಅತ್ತೆ, ಮಾವ, ನಾಲ್ವರೂ ಎಪ್ಪತ್ತರ ಆಸುಪಾಸಿನವರು. ನಾವಿಬ್ಬರು, ತಮ್ಮ, ಅವನ ಹೆಂಡತಿ. ಮೂರು ಮಕ್ಕಳು, ಚಿಕ್ಕದಕ್ಕೆ ಇನ್ನೂ ಐದು ತುಂಬಿಲ್ಲ. ಮುರುಡೇಶ್ವರದಲ್ಲಿ ಒಂದೇ ಕಡೆ ಉಳಿದು, ರೈಲಿನಲ್ಲೇ ಹೋಗಿ ಬಂದೆವು. ಯಾರೂ ಹಾಸಿಗೆ ಹಿಡಿಯಲಿಲ್ಲ, ಯಾರೂ ಮುಖ ಊದಿಸಿಕೊಳ್ಳಲಿಲ್ಲ, ದುಡ್ಡೂ ಉಳಿಯಿತು.

ಪ್ಲಾನ್ ಹೇಳಿದಾಗ ನಮ್ಮ ಭಾವ ಕೇಳಿದ್ದು ಇಷ್ಟು: "ಏನಪ್ಪಾ, ವಯಸ್ಸಾದವರನ್ನ ಕಟ್ಕೊಂಡು ಬೆಳಗಿನ ಜಾವ ಸ್ಟೇಷನ್ನಲ್ಲಿ ಇಳಿದು ಗಾಡಿ ಎಲ್ಲಿ ಹುಡುಕ್ತೀಯಾ?" ಮನೆಯಲ್ಲೂ ಅದೇ ಮಾತು. ಅವರು ಹಾಗೆ ಹೇಳೋಕೆ ಕಾರಣ ಇತ್ತು. ಹಿಂದಿನ ಪ್ರವಾಸಗಳನ್ನು ಎಲ್ಲರೂ ನೋಡಿದ್ದರು.

ಕೆಲವು ವರ್ಷದ ಹಿಂದೆ ಟಿಟಿ ಮಾಡಿಕೊಂಡು ಹೋಗಿದ್ದೆವು. ನಾಲ್ಕು ದಿನದಲ್ಲಿ ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ಪಟ್ಟಿ ನೋಡೋಕೆ ಚೆನ್ನಾಗಿತ್ತು. ಶಿರಾಡಿ ಘಾಟಿಯಲ್ಲಿ ಮಕ್ಕಳ ವಾಂತಿ ಶುರುವಾಯಿತು. ಕೂತು ಕೂತು ಅತ್ತೆಯ ಕಾಲು ಊದಿತು. ಕೊಲ್ಲೂರಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿತ್ತು. ದಿನಾ ರಾತ್ರಿ ಹೊಸ ಲಾಡ್ಜು, ದಿನಾ ಬೆಳಗ್ಗೆ ಬ್ಯಾಗ್ ಕಟ್ಟೋದು. ವಾಪಸ್ ಬಂದ ಮೇಲೆ ಅಪ್ಪ ಎರಡು ದಿನ ಮಾತೇ ಆಡಲಿಲ್ಲ. ಇನ್ನೊಂದು ಸಲ ಒಂದು ಆ್ಯಪ್‌ನಲ್ಲಿ ಫೋಟೊ ನೋಡಿ ಹೋಮ್‌ಸ್ಟೇ ಮಾಡಿದೆವು. ಫೋಟೊದಲ್ಲಿ ಅಂಗಳ, ತೋಟ ಎಲ್ಲ ಇತ್ತು. ರಸ್ತೆಯಿಂದ ಅಂಗಳಕ್ಕೆ ಹತ್ತಬೇಕಾದ ನಲವತ್ತು ಚಿಲ್ಲರೆ ಮೆಟ್ಟಿಲು ಮಾತ್ರ ಇರಲಿಲ್ಲ. ಮಾವನಿಗೆ ಮಂಡಿ ನೋವು. ಮುಂಗಡ ಕೊಟ್ಟಿದ್ದು ಏಳು ಸಾವಿರದ ಹತ್ತಿರ, ಒಂದು ಪೈಸೆ ವಾಪಸ್ ಬರಲಿಲ್ಲ.

ಈ ಸಲ ಕೂತು ಲೆಕ್ಕ ಹಾಕಿದೆ. ಐದು ದಿನಕ್ಕೆ ಟಿಟಿ ಕೇಳಿದರೆ ದಿನಕ್ಕೆ ಮಿನಿಮಮ್ 300 ಕಿಲೋಮೀಟರ್, ಕಿಲೋಮೀಟರಿಗೆ 24 ರೂಪಾಯಿ ಹೇಳಿದರು. ಡ್ರೈವರ್ ಬಾಟಾ, ಟೋಲು, ಪಾರ್ಕಿಂಗ್ ಎಲ್ಲ ಸೇರಿ 42 ಸಾವಿರದ ಹತ್ತಿರ. ನಾವು ಬೀಚಿನಲ್ಲಿ ಆಡುತ್ತಾ ಕೂತರೂ ಆ 300 ಕಿಲೋಮೀಟರಿನ ದುಡ್ಡು ಓಡುತ್ತಲೇ ಇರುತ್ತದೆ. ಅದಕ್ಕೇ ಜನ ಸುಮ್ನೆ ಸುತ್ತೋದು. ಕೊಟ್ಟ ದುಡ್ಡಿಗೆ ಇನ್ನೊಂದು ಊರು ನೋಡೋಣ ಅಂತ. ಮೇಲಿಂದ ಹೋಗೋಕೆ ಒಂದು ಹಗಲು, ಬರೋಕೆ ಒಂದು ಹಗಲು ರಸ್ತೆಯಲ್ಲೇ ಮುಗಿಯುತ್ತದೆ.

ಹಾಗಾಗಿ ಮೊದಲು ಮಾಡಿದ ಕೆಲಸ ಪಟ್ಟಿ ಕತ್ತರಿಸಿದ್ದು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ, "ಒಂದೇ ಒಂದು ನೋಡೋದಾದರೆ ಯಾವುದು?" ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ, ಒಬ್ಬರು ಗೋಕರ್ಣ ಅಂದರೆ ಎಲ್ಲರೂ ಗೋಕರ್ಣ ಅನ್ನುತ್ತಾರೆ. ಅಮ್ಮನಿಗೆ ಕೊಲ್ಲೂರು, ಮಾವನಿಗೆ ಇಡಗುಂಜಿ, ಮಕ್ಕಳಿಗೆ ಸಮುದ್ರ. ತಮ್ಮನ ಹೆಂಡತಿ ಹೇಳಿದ್ದು "ಮಧ್ಯಾಹ್ನ ಎರಡು ಗಂಟೆ ನಿದ್ದೆ ಸಿಕ್ಕರೆ ಸಾಕು." ಅದನ್ನೂ ಪಟ್ಟಿಗೆ ಹಾಕಿದೆ. ಇವೆಲ್ಲಕ್ಕೂ ನಡುವೆ ಬರೋದು ಮುರುಡೇಶ್ವರ. ಉತ್ತರಕ್ಕೆ ಇಡಗುಂಜಿ, ಹೊನ್ನಾವರ, ದಕ್ಷಿಣಕ್ಕೆ ಭಟ್ಕಳ, ಬೈಂದೂರು, ಕೊಲ್ಲೂರು. ಸಮುದ್ರ, ದೇವಸ್ಥಾನ ಎರಡೂ ಲಾಡ್ಜಿನಿಂದ ನಡೆದು ಹೋಗುವಷ್ಟು ಹತ್ತಿರ. ಗೋಕರ್ಣ ಬಿಟ್ಟೆ. ಗೋಕರ್ಣ ಬಿಟ್ಟಿದ್ದಕ್ಕೆ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ, ಆದರೂ ಬಿಟ್ಟಿದ್ದೇ ಸರಿ.

ರೈಲಿನ ವಿಷಯ. ನಾವು ಹೋಗಿದ್ದು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ, ಬೆಂಗಳೂರಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು. ಸಂಜೆ ಬೆಂಗಳೂರಲ್ಲಿ ಹತ್ತಿದರೆ ಬೆಳಗ್ಗೆ ಮುರುಡೇಶ್ವರ. ಮೈಸೂರಿನ ಮೇಲೆ ಹೋಗಿ ಮುರುಡೇಶ್ವರದಲ್ಲೇ ಕೊನೆಯಾಗುವ ಗಾಡಿಯೂ ಇದೆ, ಆದರೆ ತಲುಪುವಾಗ ಮಧ್ಯಾಹ್ನ ಆಗುತ್ತದೆ, ಅರ್ಧ ದಿನ ಹೋದಂತೆ. ಮೈಸೂರಿನವರಿಗೆ ಅದು ಒಳ್ಳೆಯದು. 2024ರ ನವೆಂಬರ್ 1ರಿಂದ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಬೆಳಗ್ಗೆ 8ಕ್ಕೆ. ಮೊದಲಿನ ಹಾಗೆ ನಾಲ್ಕು ತಿಂಗಳು ಮೊದಲೇ ಮಾಡಿ ಕೂರೋಕೆ ಆಗಲ್ಲ. ಹಿಂದೊಮ್ಮೆ ಅರ್ಧ ಜನಕ್ಕೆ ಕನ್ಫರ್ಮ್ ಆಗಿ ಉಳಿದರ್ಧ ವೇಟಿಂಗ್ ಲಿಸ್ಟ್‌ನಲ್ಲೇ ಕೂತಿತ್ತು. ಕೊನೆಗಳಿಗೆಯ ತತ್ಕಾಲ್ ಬುಕಿಂಗ್‌ನಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ, ಅದೂ ಸಿಗಲಿಲ್ಲ. ಆ ಪ್ರವಾಸ ಅಲ್ಲಿಗೇ ಬಿತ್ತು.

ಈ ಸಲ ಎಲ್ಲರ ಒಪ್ಪಿಗೆಗೆ ಕಾಯಲಿಲ್ಲ. ಮೊದಲು ಟಿಕೆಟ್ ಮಾಡಿದೆ, ಆಮೇಲೆ ಒಪ್ಪಿಸಿದೆ. ನಾವು ಟಿಕೆಟ್ ಮಾಡಿದಾಗ, ಹೊರಡುವ 48 ಗಂಟೆಗಿಂತ ಮೊದಲು ಕ್ಯಾನ್ಸಲ್ ಮಾಡಿದರೆ ಥರ್ಡ್ ಎಸಿಗೆ ತಲೆಗೆ 180 ಮತ್ತು ಜಿಎಸ್‌ಟಿ, ಸ್ಲೀಪರ್‌ಗೆ 120 ಹೋಗುತ್ತಿತ್ತು ಅಷ್ಟೇ. ನಮ್ಮಷ್ಟು ಜನಕ್ಕೆ ಒಂದು ಕಡೆಯ ಟಿಕೆಟ್‌ಗೆ ಹೆಚ್ಚೆಂದರೆ ಹದಿನೈದು ಹದಿನಾರು ನೂರು. ಒಪ್ಪಿಗೆಗಾಗಿ ವಾರಗಟ್ಟಲೆ ಕಾದು ಸೀಟು ಕಳೆದುಕೊಳ್ಳೋದಕ್ಕಿಂತ ಇದು ಎಷ್ಟೋ ವಾಸಿ. ಟಿಕೆಟ್ ಕೈಯಲ್ಲಿದ್ದರೆ ಮನೆಯವರ ಮಾತೂ ಬೇರೆಯಾಗುತ್ತದೆ. "ಹೋಗೋಣ್ವಾ" ಅನ್ನುತ್ತಿದ್ದವರು "ಯಾವ ಸೀರೆ ತಗೊಳ್ಳಲಿ" ಅನ್ನುತ್ತಾರೆ.

ಲೋವರ್ ಬರ್ತ್ ಮಾತ್ರ ಅದೃಷ್ಟಕ್ಕೆ ಬಿಡಬೇಡಿ. ಹಿರಿಯರನ್ನು ಬೇರೆಯವರ ಜೊತೆ ಒಂದೇ ಟಿಕೆಟ್‌ನಲ್ಲಿ ತುರುಕಿದರೆ ಅವರಿಗೆ ಮಿಡಲ್ ಬರ್ತ್ ಬರಬಹುದು, ಅನುಭವ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಎತ್ತಿಡುವ ಕೋಟಾ ಇದೆ, ಅದರಲ್ಲಿ ಒಂದು ಟಿಕೆಟ್‌ಗೆ ಇಬ್ಬರೇ. ಅದಕ್ಕೆ ಅಪ್ಪ-ಅಮ್ಮನದು ಒಂದು, ಅತ್ತೆ-ಮಾವನದು ಒಂದು ಅಂತ ಒಡೆದೆ. ಮೊದಲ ಟಿಕೆಟ್‌ಗೆ ಯಾವ ಬೋಗಿ ಬಂತೋ ನೋಡಿಕೊಂಡು, ಮುಂದಿನ ಟಿಕೆಟ್ ಮಾಡುವಾಗ ಆ ಬೋಗಿ ನಂಬರನ್ನೇ ಹಾಕಿದೆ. ಅವರ ಜೊತೆ ಥರ್ಡ್ ಎಸಿಯಲ್ಲಿ ನಾನೊಬ್ಬ. ಉಳಿದವರೆಲ್ಲ ಸ್ಲೀಪರ್. ಎಲ್ಲರಿಗೂ ಎಸಿ ಬೇಕಾಗಿಲ್ಲ, ಜನವರಿಯಲ್ಲಿ ಅದೂ ರಾತ್ರಿ ಸ್ಲೀಪರ್ ಹಾಯಾಗಿರುತ್ತದೆ. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲೇ ನಿಂತಿದೆ, ಹಾಗಾಗಿ ಎಸಿಗೆ ತಲೆಗೆ ಸಾವಿರದ ಮೇಲೆ ಪೂರ್ತಿ ಕೊಡಬೇಕು, ಸ್ಲೀಪರ್ 400ರ ಆಸುಪಾಸು. ಐದು ತುಂಬದ ಮಗುವಿಗೆ ಟಿಕೆಟ್ ಬೇಡ. ಹೋಗಿ ಬರೋಕೆ ಒಟ್ಟು ಹದಿನಾಲ್ಕೂವರೆ ಸಾವಿರ ಆಗಿರಬಹುದು.

ಇಳಿಯುವಾಗ ಗಡಿಬಿಡಿ ಆಗುತ್ತೆ ಅಂತ ಎಲ್ಲರಿಗೂ ಭಯ. ಮುರುಡೇಶ್ವರದಲ್ಲಿ ರೈಲು ಜಾಸ್ತಿ ಹೊತ್ತು ನಿಲ್ಲಲ್ಲ. ನಾನು ಹಾಕಿಕೊಂಡ ಲೆಕ್ಕ ಸುಲಭ: ಬೈಂದೂರಿಗೆ ಎಲ್ಲರನ್ನೂ ಎಬ್ಬಿಸೋದು, ಭಟ್ಕಳಕ್ಕೆ ಬ್ಯಾಗುಗಳು ಬಾಗಿಲ ಹತ್ತಿರ. ಭಟ್ಕಳ ಬಿಟ್ಟ ಮೇಲೆ ಯಾರೂ ಬಾತ್‌ರೂಮಿಗೆ ಹೋಗೋ ಹಾಗಿಲ್ಲ. ಅತ್ತೆ ಇದನ್ನು ಎಷ್ಟು ಶಿಸ್ತಾಗಿ ಪಾಲಿಸಿದರು ಅಂದರೆ, ಪಕ್ಕದ ಬೇರೆ ಕುಟುಂಬದವರನ್ನೂ ಎಬ್ಬಿಸಿ ಕೂರಿಸಿದ್ದರು.

ಇನ್ನು ರೂಮು. ಈಗ ನಾನು ಫೋಟೊ ನೋಡೋದನ್ನೇ ಬಿಟ್ಟಿದ್ದೇನೆ. ಲಾಡ್ಜಿಗೆ ನೇರವಾಗಿ ಫೋನ್ ಮಾಡಿ, "ಅಣ್ಣ, ಗೇಟಿನಿಂದ ಶುರು ಮಾಡಿ ಬಾತ್‌ರೂಮಿನ ತನಕ ನಡ್ಕೊಂಡು ಹೋಗಿ ಒಂದು ವೀಡಿಯೊ ಕಳಿಸಿ" ಅಂತ ಕೇಳುತ್ತೇನೆ. ಕಳಿಸದ ಲಾಡ್ಜು ಬೇಡವೇ ಬೇಡ. ಈ ಲಾಡ್ಜಿನ ಹುಡುಗ ಕಳಿಸಿದ ವೀಡಿಯೊದಲ್ಲಿ ಎಲ್ಲ ಕಾಣಿಸಿತು. ಗೇಟಿಗೆ ಎರಡು ಮೆಟ್ಟಿಲು, ಬಾತ್‌ರೂಮಿನ ಬಾಗಿಲಲ್ಲಿ ಒಂದು ಗೇಣು ಎತ್ತರದ ಹೊಸ್ತಿಲು, ನೆಲಕ್ಕೆ ಒರಟು ಟೈಲ್ಸ್, ಕಮೋಡ್ ಪಕ್ಕ ಹಿಡಿದುಕೊಳ್ಳೋಕೆ ಗೋಡೆ. ಸ್ನಾನಕ್ಕೆ ಕೂರೋಕೆ ಪ್ಲಾಸ್ಟಿಕ್ ಸ್ಟೂಲ್ ಇದೆಯಾ ಅಂದೆ, ತಂದಿಡ್ತೀವಿ ಅಂದರು, ತಂದಿಟ್ಟರು. ಬಿಸಿನೀರು ಸೋಲಾರಾ ಗೀಸರಾ ಅಂತ ಕೇಳೋದು ಮರೆಯಬೇಡಿ. ಸೋಲಾರ್ ಆದರೆ 11 ಜನರಲ್ಲಿ ಕೊನೆಯವರಿಗೆ ತಣ್ಣೀರೇ ಗತಿ.

ನಾಲ್ಕು ರೂಮು, ಒಂದೊಂದಕ್ಕೆ ದಿನಕ್ಕೆ 1,600ರ ಹತ್ತಿರ. ಚೆಕ್-ಇನ್ ಮಧ್ಯಾಹ್ನ 12ಕ್ಕೆ, ನಾವು ಇಳಿಯೋದು ಬೆಳಕು ಹರಿಯೋ ಹೊತ್ತಿಗೆ. ಅದಕ್ಕೆ ಒಂದು ರೂಮನ್ನು ಮಾತ್ರ ಹಿಂದಿನ ರಾತ್ರಿಯಿಂದಲೇ ತಗೊಂಡೆ. ಖಾಲಿ ರೂಮಿಗೆ 1,600 ಕೊಟ್ಟೆ ಅಂತ ತಮ್ಮ ಗೊಣಗಿದ. ಬೆಳಗ್ಗೆ ಹಿರಿಯರು ನೇರ ಹೋಗಿ ಮಲಗಿದಾಗ ಅವನೇ ಸುಮ್ಮನಾದ. ಬಾಡಿಗೆ ಇಳಿಸೋಕೆ ನಾನು ಫೋನ್‌ನಲ್ಲಿ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯಲ್ಲ, ಎಲ್ಲರೂ ಕೇಳೋಕೆ ಶುರು ಮಾಡಿದರೆ ಅದು ನಡೆಯಲ್ಲ. ಹಾಗೇ ಅಲ್ಲಿ ಓಡಾಡೋಕೆ ಮಾಡಿಕೊಂಡ ಗಾಡಿಯ ಡ್ರೈವರ್ ನಂಬರೂ ಕೇಳಬೇಡಿ. ಅವರನ್ನು ಹುಡುಕಿದ ದಾರಿ ಬೇಕಾದರೆ ಹೇಳುತ್ತೇನೆ: ಲಾಡ್ಜಿನವರನ್ನು ಕೇಳಲಿಲ್ಲ, ಸ್ಟೇಷನ್ ಹತ್ತಿರದ ಆಟೊದವರನ್ನು ಕೇಳಿದೆ. ಲಾಡ್ಜಿನವರು ಹೇಳಿದ ಗಾಡಿಗೂ ಇವರ ಗಾಡಿಗೂ ದಿನಕ್ಕೆ ಸಾವಿರ ರೂಪಾಯಿ ವ್ಯತ್ಯಾಸ. 12 ಸೀಟಿನ ಟೆಂಪೊ, ಎರಡು ಪೂರ್ತಿ ದಿನ ಐದೈದು ಸಾವಿರ. ಸ್ಟೇಷನ್ ಆಟೊ, ಅಲ್ಲಿ ಇಲ್ಲಿ ಓಡಾಟ ಸೇರಿ ಹನ್ನೆರಡೂವರೆ ಸಾವಿರದೊಳಗೆ ಮುಗಿಯಿತು. ಅಲ್ಲಿಗೆ ರೈಲು, ಗಾಡಿ ಸೇರಿ 27 ಸಾವಿರ. ಟಿಟಿ ಲೆಕ್ಕ 42 ಇತ್ತು ಅಲ್ವಾ.

ದಿನಕ್ಕೆ ಒಂದೇ ದಿಕ್ಕು, ಊಟಕ್ಕೆ ಮೊದಲು ಒಂದೇ ದೇವಸ್ಥಾನ. ಮೊದಲ ದಿನ ಎಲ್ಲಿಗೂ ಇಲ್ಲ. ಸಂಜೆ ದೇವಸ್ಥಾನ, 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ. ಗೋಪುರಕ್ಕೆ ಲಿಫ್ಟ್ ಇರೋದರಿಂದ ಮಾವನೂ ಮೇಲೆ ಹೋಗಿ ಸಮುದ್ರ ನೋಡಿದರು. ಎರಡನೇ ದಿನ ಇಡಗುಂಜಿ. ಎರಡೇ ಕೈಯ, ನಿಂತಿರುವ ಗಣಪನ ಮುಂದೆ ಮಾವ ಕೂತುಬಿಟ್ಟರು. ಏಳಿಸಲಿಲ್ಲ. ಹಿಂದಿನ ಪ್ರವಾಸದಲ್ಲಾಗಿದ್ದರೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಆಮೇಲೆ ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿರುವ ಮರದ ಹಾದಿ. ಸಮತಟ್ಟಾಗಿದೆ, ನೆರಳಿದೆ, ಮಂಡಿ ನೋವಿನವರೂ ನಡೆಯಬಹುದು, ಮಕ್ಕಳು ಬೇರುಗಳ ನಡುವೆ ಏಡಿ ಹುಡುಕುತ್ತಾ ನಿಂತರು. ಕಾಸರಕೋಡಿನ ಇಕೋ ಬೀಚಿಗೆ ಹೋಗೋದು ಇತ್ತು, ಅಮ್ಮ ಸುಸ್ತು ಅಂದರು, ಬಿಟ್ಟೆವು. ಕೊಲ್ಲೂರಿನ ದಿನ ಮಾತ್ರ ಬೆಳಗ್ಗೆ ಆರಕ್ಕೇ ಹೊರಟೆವು. ದರ್ಶನ ಬೇಗ ಆಯಿತು, ಊಟ ದೇವಸ್ಥಾನದಲ್ಲೇ. ವಾಪಸ್ ಬರುವಾಗ ಹತ್ತಿರದ ದಾರಿ ಬಿಟ್ಟು ಮರವಂತೆಗೆ ಬಂದೆವು. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಸ್ವಲ್ಪ ಸುತ್ತಾದರೂ ಅಲ್ಲಿ ಗಾಡಿ ನಿಲ್ಲಿಸದೆ ಬರೋಕಾಗಲ್ಲ.

ಊಟದಲ್ಲಿ ಒಂದಿಷ್ಟು ಪ್ರಯೋಗ ಮಾಡಿದೆ. ರೈಲಿಗೆ ಚಪಾತಿ ಒಯ್ದರೆ ಒಣಗುತ್ತದೆ, ಹಿರಿಯರ ಹಲ್ಲಿಗೆ ಆಗಲ್ಲ. ಪುಳಿಯೋಗರೆ ಒಳ್ಳೆಯದು. ಮೊಸರನ್ನಕ್ಕೆ ಮೊಸರಿನ ಬದಲು ಹಾಲು ಜಾಸ್ತಿ ಹಾಕಿ, ಉಗುರುಬೆಚ್ಚಗಿದ್ದಾಗ ಒಂದು ಚಮಚ ಮೊಸರು ಬೆರೆಸಿದರೆ ರಾತ್ರಿ ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗುತ್ತದೆ, ಹುಳಿ ಬರಲ್ಲ. ಚಿಕ್ಕ ರೈಸ್ ಕುಕ್ಕರ್ ಒಯ್ದಿದ್ದೆ, ಲಾಡ್ಜಿನವರ ಒಪ್ಪಿಗೆ ಕೇಳಿ ರಾತ್ರಿ ಹಿರಿಯರಿಗೆ ಗಂಜಿ. ಇದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಎರಡನೇ ರಾತ್ರಿ ದೊಡ್ಡವರೂ ಮಕ್ಕಳೂ ತಟ್ಟೆ ಹಿಡಿದು ನಿಂತಿದ್ದರು.

ದುಡ್ಡಿನ ಮಾತು ಹೊರಡುವ ಮೊದಲೇ ಬಾಯಿಬಿಟ್ಟು ಆಡಿಕೊಂಡೆವು. ಅತ್ತೆ-ಮಾವನ ಖರ್ಚು ನನ್ನದು, ಅಪ್ಪ-ಅಮ್ಮನದು ತಮ್ಮನಿಗೂ ನನಗೂ ಅರ್ಧ ಅರ್ಧ. ಎಲ್ಲ ಒಂದೇ ಫೋನಿನಿಂದ ಯುಪಿಐ. ಅಪ್ಪ ಪ್ರತಿ ಹೋಟೆಲಲ್ಲೂ "ನಾನು ಕೊಡ್ತೀನಿ" ಅಂತ ಪರ್ಸ್ ತೆಗೆಯೋದು, ನಾವು ಬೇಡ ಅನ್ನೋದು, ಅವರಿಗೆ ಬೇಜಾರಾಗೋದು ಪ್ರತಿ ಸಲ ಇದ್ದದ್ದೇ. ಈ ಸಲ ಪೂಜೆ, ಹುಂಡಿ, ಹೂವು-ಕಾಯಿ ಖಾತೆ ಪೂರ್ತಿ ಅವರಿಗೇ ಬಿಟ್ಟೆ. ಬ್ಯಾಂಕಿಗೆ ಹೋಗಿ ಹತ್ತು, ಇಪ್ಪತ್ತರ ಹೊಸ ನೋಟು ತಂದು ಬೇರೆ ಕವರಿನಲ್ಲಿ ಇಟ್ಟುಕೊಂಡಿದ್ದರು. ರೂಮು, ಊಟ, ಓಡಾಟ ಎಲ್ಲ ಸೇರಿ ಒಟ್ಟು 65-66 ಸಾವಿರ. ತಲೆಗೆ ಆರು ಸಾವಿರ ಅಂತಿಟ್ಟುಕೊಳ್ಳಿ.

ಒಂದು ವಿಷಯ ಹೇಳಲೇಬೇಕು. ತಮ್ಮ ಮತ್ತು ದೊಡ್ಡ ಮಕ್ಕಳಿಬ್ಬರು ನಮ್ಮ ಜೊತೆ ವಾಪಸ್ ಬರಲಿಲ್ಲ. ಒಂದು ರಾತ್ರಿ ಜಾಸ್ತಿ ಉಳಿದು, ವಾರಕ್ಕೆ ಮೂರು ದಿನ ಇರುವ ಹಗಲು ರೈಲಿನಲ್ಲಿ ಬಂದರು. ಪಂಚಗಂಗಾದಲ್ಲಿ ಘಾಟ್ ರಾತ್ರಿ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್, 57 ಸುರಂಗ, 50 ಅಡಿಗೆ ಒಂದು ಅಡಿ ಏರು. ರೈಲು ತೆವಳಿಕೊಂಡು ಹತ್ತುತ್ತದೆ. ಮಕ್ಕಳು ಪೆನ್ನು ಹಿಡಿದು ಸುರಂಗ ಎಣಿಸಿದರಂತೆ, ಇಬ್ಬರ ಲೆಕ್ಕವೂ ಬೇರೆ ಬೇರೆ ಬಂದು ಇನ್ನೂ ಜಗಳ ಮುಗಿದಿಲ್ಲ. ಹಿರಿಯರನ್ನು ಹಗಲಿಡೀ ಕೂರಿಸಬೇಡಿ, ಆದರೆ ಹತ್ತು ದಾಟಿದ ಮಕ್ಕಳಿದ್ದರೆ ಹೀಗೆ ಒಡೆದು ಕಳಿಸಿ ನೋಡಿ. ಖರ್ಚು ಹೆಚ್ಚಲ್ಲ.

ಮುಂದಿನ ಸಲ ಇದೇ ರೀತಿ ಬಾದಾಮಿ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಅಲ್ಲೇ ಇಳಿಯೋದು. ಒಂದು ದಿನ ಪಟ್ಟದಕಲ್ಲು-ಐಹೊಳೆ, ಒಂದು ದಿನ ಬನಶಂಕರಿ ಮತ್ತು ನಿದ್ದೆ. ಗುಹೆಗಳ ಮೆಟ್ಟಿಲು ಮಾವನಿಗೆ ಆಗಲ್ಲ, ಆ ಹೊತ್ತಿಗೆ ಅವರಿಗೆ ಅಗಸ್ತ್ಯ ತೀರ್ಥದ ದಂಡೆ ಅಂತ ಈಗಲೇ ಮಾತಾಗಿದೆ. ಜನವರಿಯಲ್ಲಿ ಬನಶಂಕರಿ ಜಾತ್ರೆ ಇರುತ್ತದೆ, ರೂಮಿಗೆ ಕಷ್ಟ, ಅದಕ್ಕೆ ಫೆಬ್ರವರಿಗೆ ಹಾಕಿಕೊಂಡಿದ್ದೇನೆ. ಭಾವನೂ ಬರ್ತಾರಂತೆ. ಅವರದೂ ಲೋವರ್ ಬರ್ತೇ ಆಗಬೇಕಂತೆ.